ಮರಿ ಕೊಂದ ನಾಯಿಗೆ ತಪ್ಪು-ಸರಿ ಗೊತ್ತಿತ್ತೇ?

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಒಂದು ಹಳ್ಳಿಯವರು. ನಮ್ಮ ಮನೆಯಲ್ಲಿ ಮರಿ ಇದ್ದಾಗಿನಿಂದ ಸಾಕಿದ ಒಂದು ನಾಯಿ ಇತ್ತು. ಕಳೆದ ತಿಂಗಳು ಅದು ಬಾಜೂ ಮನೆಯವರ ಆಡಿನ ಮರಿಯನ್ನು ಹಿಡಿದು ಕೊಂದಿತು. ಓಣಿಯವರು ಸೇರಿದರು. ನಾಯಿ ಮೂಲೆಯಲ್ಲಿ ತಲೆ ತಗ್ಗಿಸಿ, ಬಾಲ ಮುದುರಿಕೊಂಡು ಕೂತಿತ್ತು. "ನೋಡ್ರಿ, ತಪ್ಪು ಮಾಡೀನಿ ಅಂತ ಅದಕ್ಕೂ ಗೊತ್ತದ" ಅಂದರು. ಬಡಿಗೆಯಿಂದ ಹೊಡೆದು ಕೊಂದೇಬಿಟ್ಟರು. ಒಂಬತ್ತನೇ ಕ್ಲಾಸಿನ ನನ್ನ ಮಗ ಅವತ್ತಿನಿಂದ ಮಟನ್ ಮುಟ್ಟುತ್ತಿಲ್ಲ. "ಹುಲಿ ಜಿಂಕಿ ತಿಂದ್ರ ತಪ್ಪಲ್ಲ, ನಾವು ಕುರಿ ಕಡಿದು ತಿಂದ್ರ ತಪ್ಪಲ್ಲ, ನಮ್ಮ ನಾಯಿದು ಮಾತ್ರ ಹ್ಯಾಂಗ ತಪ್ಪು?" ಅಂತ ಕೇಳುತ್ತಾನೆ. ಪ್ರಾಣಿಗಳಿಗೆ ನೀತಿ-ನ್ಯಾಯ ಅನ್ನೋದು ಇರುತ್ತದೆಯೇ? ಇಲ್ಲ ಅಂದರೆ, ನೀತಿಯೇ ಗೊತ್ತಿಲ್ಲದ ಪ್ರಾಣಿಗೆ ನಾವು ಯಾಕೆ ನ್ಯಾಯವಾಗಿ ನಡೆದುಕೊಳ್ಳಬೇಕು? ಮಗನಿಗೆ ಏನು ಹೇಳಲಿ?

ಉತ್ತರ: ಅಕ್ಕಾರೆ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ನಾಯಿ ಹಾನಿ ಮಾಡಿತ್ತು, ತಪ್ಪು ಮಾಡಿರಲಿಲ್ಲ. ಬಾಜೂ ಮನೆಯವರಿಗೆ ಆದ ನಷ್ಟ ನಿಜ, ಅವರ ಸಿಟ್ಟೂ ನಿಜ. ಬಡವರ ಮನೆಯಲ್ಲಿ ಒಂದು ಆಡಿನ ಮರಿ ಅಂದರೆ ಮಕ್ಕಳ ಸ್ಕೂಲ್ ಫೀಸು, ಹಬ್ಬದ ಖರ್ಚು, ಆಸ್ಪತ್ರೆಯ ಬಿಲ್ಲು. ಆದರೆ ಹಾನಿ ಆದಲ್ಲೆಲ್ಲ ಒಬ್ಬ ಅಪರಾಧಿ ಇರಲೇಬೇಕು ಅಂತಿಲ್ಲ. ಸಿಡಿಲು ಬಡಿದು ಎತ್ತು ಸತ್ತರೆ ನಾವು ಮೋಡಕ್ಕೆ ಶಿಕ್ಷೆ ಕೊಡುವುದಿಲ್ಲ. ನಾಯಿ ಮೋಡ ಅಲ್ಲ, ಅದಕ್ಕೆ ಜೀವ ಇದೆ, ಮನಸ್ಸಿದೆ, ನೋವಾಗುತ್ತದೆ. ನಿಮ್ಮ ಮಗನ ಪ್ರಶ್ನೆ ಕಷ್ಟದ್ದಾಗುವುದು ಇಲ್ಲೇ.

ತಲೆ ತಗ್ಗಿಸಿ ಕೂತಿತ್ತು ಅನ್ನುವುದರಿಂದ ಶುರು ಮಾಡೋಣ. ಅವತ್ತು ಓಣಿಯವರು ತೀರ್ಪು ಕೊಟ್ಟಿದ್ದು ಅದನ್ನು ನೋಡಿಯೇ ಅಲ್ವಾ? ಅಮೆರಿಕದಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅಂತ ಒಬ್ಬ ವಿಜ್ಞಾನಿ ಇದ್ದಾರೆ. ನಾಯಿಗಳ ಮನಸ್ಸೇ ಅವರ ಅಧ್ಯಯನದ ವಿಷಯ. 2009ರಲ್ಲಿ ಅವರು 14 ಸಾಕುನಾಯಿಗಳ ಮೇಲೆ ಮಾಡಿದ ಒಂದು ಪರೀಕ್ಷೆಯ ವಿವರ ಪ್ರಕಟಿಸಿದರು. ಮಾಲೀಕರು ತಿಂಡಿ ತೋರಿಸಿ, ತಿನ್ನಬೇಡ ಅಂತ ಹೇಳಿ, ಕೋಣೆಯಿಂದ ಹೊರಗೆ ಹೋಗಬೇಕು. ಒಳಗೆ ಕೆಲವು ಸಲ ನಾಯಿಗೆ ತಿಂಡಿ ಸಿಗುವಂತೆ, ಕೆಲವು ಸಲ ಸಿಗದಂತೆ ಸಂಶೋಧಕರು ನೋಡಿಕೊಂಡರು. ವಾಪಸ್ ಬಂದ ಮಾಲೀಕರಿಗೆ ಕೆಲವೊಮ್ಮೆ ಬೇಕಂತಲೇ ಸುಳ್ಳು ಹೇಳಿದರು. ಏನೂ ತಿನ್ನದ ನಾಯಿಯನ್ನು ತಿಂದಿದೆ ಅಂದರು. ಮಾಲೀಕರು ಅದನ್ನು ಬೈದರು. ಕಿವಿ ಹಿಂದಕ್ಕೆ, ಬಾಲ ಕೆಳಕ್ಕೆ, ಓರೆನೋಟ, ಹೀಗೆ ನಾವು ತಪ್ಪಿತಸ್ಥನ ಮುಖ ಅನ್ನುವ ಚಹರೆ ಯಾವ ನಾಯಿಗಳಲ್ಲಿ ಜಾಸ್ತಿ ಕಂಡಿತು ಗೊತ್ತಾ? ತಿಂದ ನಾಯಿಗಳಲ್ಲಿ ಅಲ್ಲ, ಬೈಸಿಕೊಂಡ ನಾಯಿಗಳಲ್ಲಿ. ಏನೂ ತಿನ್ನದೆ ಸುಮ್ನೆ ಬೈಸಿಕೊಂಡವುಗಳಲ್ಲಿ ಅದು ಇನ್ನೂ ಎದ್ದು ಕಂಡಿತು.

ನಿಮ್ಮ ಅಂಗಳದಲ್ಲಿ ಅವತ್ತು ಗುಂಪು ಇತ್ತು, ಏರಿದ ದನಿ ಇತ್ತು, ಕೈಯಲ್ಲಿ ಬಡಿಗೆ ಇತ್ತು. ನಾಯಿಯ ವಂಶ ಸಾವಿರಾರು ವರ್ಷಗಳಿಂದ ಮನುಷ್ಯರ ಮುಖ ನೋಡಿಕೊಂಡೇ ಬದುಕಿದೆ. ಎದುರಿಗಿದ್ದವರ ಸಿಟ್ಟು ಅದಕ್ಕೆ ಚೆನ್ನಾಗಿ ಅರ್ಥವಾಯಿತು. ಅರ್ಧ ಗಂಟೆ ಹಿಂದೆ ಹಿಡಿದ ಮರಿಗೂ ಈ ಸಿಟ್ಟಿಗೂ ಇರುವ ಸಂಬಂಧ, ಮರಿ ಇನ್ನೊಬ್ಬರದು ಅನ್ನುವ ಸಂಗತಿ, ಅದನ್ನು ಹಿಡಿಯಬಾರದಿತ್ತು ಅನ್ನುವ ಯೋಚನೆ, ಇವುಗಳಲ್ಲಿ ಒಂದಾದರೂ ಅದರ ತಲೆಯಲ್ಲಿತ್ತು ಅನ್ನುವುದಕ್ಕೆ ಆ ತಗ್ಗಿದ ತಲೆ ಸಾಕ್ಷಿ ಅಲ್ಲ. ಅದು ಹೆದರಿತ್ತು. ಹೆದರಿಕೆಯನ್ನೇ ತಪ್ಪೊಪ್ಪಿಗೆ ಅಂತ ತಿಳಿದು ಕೊಂದರು. ಇದನ್ನು ಬರೆಯುವಾಗ ನನಗೂ ಸಂಕಟ ಆಗುತ್ತದೆ.

ಇಲ್ಲಿ ನೀವು ಒಂದು ಮಾತು ಕೇಳಬಹುದು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಎರೆ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸುತ್ತಾರಲ್ಲ, ಆ ಕುರಿಗಾರರ ನಾಯಿಗಳನ್ನು ನೋಡಿರುತ್ತೀರಿ. ಬಲೆಯ ಸುತ್ತ ಬೆಳಗಿನವರೆಗೆ ತಿರುಗುತ್ತವೆ. ತೋಳ ಬಂದರೆ ಮೈಮೇಲೆ ಹೋಗುತ್ತವೆ. ಆಗ ತಾನೆ ಹುಟ್ಟಿ ಕಾಲು ನಿಲ್ಲದ ಮರಿ ಮೂತಿಗೆ ತಾಗಿದರೂ ಮೂಸಿ ಬಿಟ್ಟುಬಿಡುತ್ತವೆ. ಆ ನಾಯಿಗೆ ಭಲೇ ಅನ್ನುತ್ತೇವೆ. ಹಾಗಾದರೆ ಮರಿ ಕೊಂದ ನಾಯಿಯನ್ನು ಬೈಯಬಾರದೇ? ಪ್ರಶ್ನೆ ಸರಿಯಾಗಿದೆ. ಕುರಿಗಾರರು ಆ ನಾಯಿಯನ್ನು ಕಣ್ಣು ಬಿಟ್ಟಾಗಿನಿಂದ ಕುರಿಗಳ ನಡುವೆಯೇ ಬೆಳೆಸುತ್ತಾರೆ. ಅದಕ್ಕೆ ಕುರಿ ತನ್ನ ಗುಂಪಿನದೇ ಒಂದು ಜೀವ. ನಿಮ್ಮ ನಾಯಿ ಓಣಿಯಲ್ಲಿ, ಮಕ್ಕಳ ಜೊತೆ ಬೆಳೆಯಿತು. ಅದರ ಮುಂದೆ ಒಂದು ಸಣ್ಣ ಜೀವ ಚಂಗನೆ ಹಾರಿ ಓಡಿದಾಗ ಬೆನ್ನಟ್ಟುವ ಹಳೆಯ ಚಾಳಿ ಎದ್ದಿತು. ಒಳ್ಳೆಯದನ್ನು ಆರಿಸಿಕೊಂಡ ನಾಯಿ ಒಂದು, ಕೆಟ್ಟದ್ದನ್ನು ಆರಿಸಿಕೊಂಡ ನಾಯಿ ಇನ್ನೊಂದು ಅಂತ ಏನಿಲ್ಲ. ಎರಡನ್ನೂ ಬೆಳೆಸಿದವರು ಮನುಷ್ಯರು. ಹೊಣೆ ಹುಡುಕುವುದಾದರೆ ಅಲ್ಲಿ ಹುಡುಕಬೇಕು.

ಪ್ರಾಣಿಯನ್ನು ಅಪರಾಧಿ ಮಾಡಿ ಕೊಂದಿದ್ದು ನಿಮ್ಮ ಓಣಿಯಲ್ಲಿ ಮಾತ್ರ ಅಂತ ತಿಳಿಯಬೇಡಿ. ಯುರೋಪಿನಲ್ಲಿ ಕೆಲವು ನೂರು ವರ್ಷ ಇದು ಕೋರ್ಟಿನಲ್ಲೇ ನಡೆದಿದೆ. ಫ್ರಾನ್ಸಿನ ಫಲೇಜ್ ಊರಿನಲ್ಲಿ 1386ರಲ್ಲಿ ಒಂದು ಮಗುವನ್ನು ಕಚ್ಚಿ ಕೊಂದ ಹೆಣ್ಣು ಹಂದಿಗೆ ವಿಚಾರಣೆ ನಡೆಸಿ ಮರಣದಂಡನೆ ಕೊಟ್ಟರು. ಇವತ್ತು ಅದನ್ನು ಓದಿದರೆ ವಿಚಿತ್ರ ಅನಿಸುತ್ತದೆ. ಮಗು ಕಳೆದುಕೊಂಡವರ ದುಃಖಕ್ಕೆ ಒಂದು ಗುರಿ ಬೇಕಿತ್ತು, ಹಂದಿ ಕೈಗೆ ಸಿಕ್ಕಿತು. ನಿಮ್ಮಲ್ಲಿ ಆಗಿದ್ದೂ ಬಹುಶಃ ಅದೇ.

ಈಗ ಮಗನ ಪ್ರಶ್ನೆಯ ಇನ್ನೊಂದು ಮಗ್ಗುಲು. ನಾಯಿಗೆ ತಪ್ಪು-ಸರಿ ಗೊತ್ತಿಲ್ಲ ಅಂದ ಕೂಡಲೇ ಕೆಲವರು ಒಂದು ದೊಡ್ಡ ಜಿಗಿತ ಜಿಗಿಯುತ್ತಾರೆ. ಪ್ರಾಣಿಗೆ ದಯೆ ಇಲ್ಲ, ಕರುಳಿಲ್ಲ, ಅದೊಂದು ಯಂತ್ರ ಅಂತಾರೆ. ಇದು ಸುಳ್ಳು. ಹಟ್ಟಿಯಲ್ಲಿ ಕರು ಸತ್ತ ಹಸುವನ್ನು ನೋಡಿದ ಯಾವ ರೈತನೂ ಈ ಮಾತು ಒಪ್ಪುವುದಿಲ್ಲ. ವಿಜ್ಞಾನವೂ ಈಗ ಒಪ್ಪುವುದಿಲ್ಲ. ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಗನಿಗೂ ಓದಿ ಹೇಳಿ.

2011ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಇಂಬಾಲ್ ಬೆನ್-ಅಮಿ ಬಾರ್ತಾಲ್ ಮತ್ತು ಅವರ ಜೊತೆಗಾರರು ಇಲಿಗಳ ಮೇಲೆ ಈ ಪ್ರಯೋಗ ಮಾಡಿದರು. ಜೊತೆಯಲ್ಲಿ ಬೆಳೆದ ಎರಡು ಇಲಿ. ಒಂದನ್ನು ಇಕ್ಕಟ್ಟಾದ ಪಾರದರ್ಶಕ ಕೊಳವೆಯೊಳಗೆ ಹಾಕಿದರು. ಅದರ ಬಾಗಿಲು ತೆಗೆಯಲು ಬರುವುದು ಹೊರಗಿನಿಂದ ಮಾತ್ರ. ಇನ್ನೊಂದನ್ನು ಹೊರಗೆ ಬಿಟ್ಟರು. ಹೊರಗಿನ ಇಲಿ ಕೊಳವೆಯ ಸುತ್ತ ತಿರುಗಿತು, ಕಚ್ಚಿ ನೋಡಿತು, ಮೂತಿ ತೂರಿಸಿತು. ಕೆಲವು ದಿನಗಳಲ್ಲಿ ಹೆಚ್ಚಿನ ಇಲಿಗಳು ಬಾಗಿಲು ತಳ್ಳುವುದನ್ನು ತಾವೇ ಕಲಿತು ಗೆಳೆಯನನ್ನು ಹೊರಗೆ ಬಿಟ್ಟವು. ಕೊಳವೆ ಖಾಲಿ ಇದ್ದರೆ ಅಥವಾ ಒಳಗೆ ಗೊಂಬೆ ಇಲಿ ಇದ್ದರೆ ಅಷ್ಟು ಆಸಕ್ತಿ ತೋರಿಸಲಿಲ್ಲ. ಆಮೇಲೆ ಪರೀಕ್ಷೆ ಬಿಗಿ ಮಾಡಿದರು. ಒಂದು ಕೊಳವೆಯಲ್ಲಿ ಗೆಳೆಯ, ಇನ್ನೊಂದರಲ್ಲಿ ಚಾಕೊಲೇಟ್ ಚೂರುಗಳು. ಹೊರಗಿನ ಇಲಿ ಮೊದಲು ಚಾಕೊಲೇಟ್ ಪೂರ್ತಿ ತಿಂದು ಆಮೇಲೆ ಗೆಳೆಯನ ಕಡೆ ನೋಡಬಹುದಿತ್ತು. ಅವು ಎರಡನ್ನೂ ತೆರೆದವು. ಹೊರಗೆ ಬಂದ ಗೆಳೆಯನಿಗೂ ಎಷ್ಟೋ ಸಲ ಒಂದೆರಡು ಚೂರು ಉಳಿದಿರುತ್ತಿದ್ದವು. ಇಲಿಗೆ ಬೇಕಾಗಿದ್ದು ಬರೀ ಜೊತೆ, ಕರುಣೆ ಅಲ್ಲ ಅನ್ನುವ ವಿಜ್ಞಾನಿಗಳೂ ಇದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ. ಆದರೆ ಗೆಳೆಯನ ಸಂಕಟ ಇಲಿಯನ್ನು ಸುಮ್ಮನೆ ಕೂರಲು ಬಿಡುವುದಿಲ್ಲ ಅನ್ನುವುದಂತೂ ಕಣ್ಣಿಗೆ ಕಾಣುತ್ತದೆ.

ಆನೆಗಳ ವಿಷಯವೂ ಹೀಗೆಯೇ. ಥಾಯ್ಲೆಂಡಿನಲ್ಲಿ ನೋಡಿ ದಾಖಲಿಸಿದ್ದು, 2014ರಲ್ಲಿ ಪ್ರಕಟವಾಯಿತು. ಒಂದು ಆನೆ ಹೆದರಿದರೆ ಪಕ್ಕದ್ದು ಹತ್ತಿರ ಬಂದು ಸೊಂಡಿಲಿನಿಂದ ಅದರ ಮುಖ, ಬಾಯಿ ಮುಟ್ಟುತ್ತದೆ. ಸಮಾಧಾನ ಮಾಡುವುದು ಅಂದರೆ ಇದೇ ಅಲ್ವಾ? ಹಾಗಾಗಿ ಮನುಷ್ಯರಿಗೆ ಕರುಣೆ ಇದೆ, ಪ್ರಾಣಿಗಳಿಗೆ ಇಲ್ಲ ಅಂತ ಗೆರೆ ಎಳೆಯುವುದು ನನ್ನ ಪ್ರಕಾರ ಸರಿಯಲ್ಲ. ಗೆರೆ ಇದೆ, ಆದರೆ ಅದು ಬೇರೆ ಕಡೆ ಇದೆ.

ಎಲ್ಲಿದೆ ಅಂತ ನೋಡಲು ಧಾರವಾಡಕ್ಕೆ ಹೋಗೋಣ. 1960ರ ದಶಕದ ಶುರುವಿನಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಅನ್ನುವ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸಿಯಗಳನ್ನು, ಅಂದರೆ ಕರಿ ಮುಖದ, ಉದ್ದ ಬಾಲದ ಹನುಮಾನ್ ಲಂಗೂರ್‌ಗಳನ್ನು ಗಮನಿಸಿದರು. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಗಂಡು, ಹಲವು ಹೆಣ್ಣು, ಅವುಗಳ ಮರಿಗಳು ಇರುತ್ತವೆ. ಹೊರಗಿನ ಗಂಡೊಂದು ಬಂದು ಹಳೆಯದನ್ನು ಓಡಿಸಿ ಗುಂಪನ್ನು ವಶಕ್ಕೆ ತೆಗೆದುಕೊಂಡಾಗ ಏನಾಗುತ್ತದೆ ಅಂತ ಸುಗಿಯಾಮಾ ಬರೆದಿಟ್ಟರು. ಹೊಸ ಗಂಡು ಎದೆಹಾಲು ಕುಡಿಯುವ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಲ್ಲುತ್ತದೆ. ಮುಂದೆ 1970ರ ದಶಕದಲ್ಲಿ ರಾಜಸ್ಥಾನದ ಅಬು ಬೆಟ್ಟದಲ್ಲಿ ಅಧ್ಯಯನ ಮಾಡಿದ ಸಾರಾ ಹರ್ಡಿ ಇದಕ್ಕೊಂದು ಕಾರಣ ಕೊಟ್ಟರು. ಮರಿ ಸತ್ತರೆ ತಾಯಿ ಹಾಲೂಡುವುದು ನಿಲ್ಲುತ್ತದೆ, ಬೇಗ ಮತ್ತೆ ಬೆದೆಗೆ ಬರುತ್ತದೆ, ಹೊಸ ಗಂಡಿನ ಮರಿಗಳು ಹುಟ್ಟುತ್ತವೆ.

ಇದನ್ನು ಮನುಷ್ಯನೊಬ್ಬ ಮಾಡಿದ್ದರೆ? ಊರು ಮೂರು ತಲೆಮಾರು ಮರೆಯುವುದಿಲ್ಲ. ಆದರೆ ಅದೇ ಮುಸಿಯಕ್ಕೆ ನಾವು ಶನಿವಾರ ಗುಡಿಯ ಮುಂದೆ ಬಾಳೆಹಣ್ಣು ಕೊಡುತ್ತೇವೆ, ಅದನ್ನು ಕೊಲೆಗಾರ ಅನ್ನುವುದಿಲ್ಲ. ಸುಮ್ನೆ ಭಕ್ತಿಯಿಂದ ಅಲ್ಲ, ಅದರಲ್ಲಿ ಅರ್ಥ ಇದೆ. ಆ ಗುಂಪಿನ ತಾಯಂದಿರು ಮರಿ ಉಳಿಸಿಕೊಳ್ಳಲು ಜೀವ ಒತ್ತೆ ಇಟ್ಟು ಹೊಡೆದಾಡುತ್ತವೆ. ಒಮ್ಮೊಮ್ಮೆ ಬೇರೆ ಹೆಣ್ಣುಗಳೂ ಜೊತೆಗೂಡುತ್ತವೆ. ಆದರೆ ಹೊಡೆದಾಟ ಮುಗಿದ ಮೇಲೆ ಯಾಕೆ ಕೊಂದೆ ಅಂತ ಕೇಳುವವರು ಯಾರೂ ಇಲ್ಲ. ಕೇಳಿದರೂ ಉತ್ತರ ಕೊಡುವ ಶಕ್ತಿ ಆ ಗಂಡಿಗೆ ಇಲ್ಲ. ನನ್ನೊಳಗೆ ಹೀಗೊಂದು ಸೆಳೆತ ಏಳುತ್ತಿದೆ, ಇದರಂತೆ ನಡೆಯಲೋ ಬೇಡವೋ ಅಂತ ಅದು ಒಂದು ಹೆಜ್ಜೆ ಹಿಂದೆ ನಿಂತು ನೋಡಿಕೊಳ್ಳುವುದಿಲ್ಲ. ಸೆಳೆತ ಎದ್ದಿತು, ನಡೆಯಿತು, ಅಷ್ಟೇ.

ಡಾರ್ವಿನ್ 1871ರಲ್ಲಿ ಇದನ್ನು ಬಹಳ ಚೆನ್ನಾಗಿ ಹಿಡಿದಿದ್ದ. ಮನುಷ್ಯ ಪ್ರಾಣಿಗಳಿಂದಲೇ ಬಂದವನು ಅಂತ ವಾದಿಸಿದ ಅದೇ ಡಾರ್ವಿನ್, ಮನುಷ್ಯನಿಗೂ ಉಳಿದ ಪ್ರಾಣಿಗಳಿಗೂ ಇರುವ ವ್ಯತ್ಯಾಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮನಸ್ಸಾಕ್ಷಿ ಅಂದ. ಅದಕ್ಕೆ ಅವನು ಕೊಟ್ಟ ಉದಾಹರಣೆ ವಲಸೆ ಹಕ್ಕಿಯದು. ಚಳಿಗಾಲದಲ್ಲಿ ನಿಮ್ಮ ಜಿಲ್ಲೆಯ ಬೋನಾಳ ಕೆರೆಗೂ ದೂರದಿಂದ ಹಕ್ಕಿಗಳು ಬರುತ್ತವಲ್ಲ, ಹಾಗೆಯೇ ಯುರೋಪಿನ ಕವಲುಬಾಲದ ಪುಟ್ಟ ಹಕ್ಕಿಗಳು ಚಳಿಗೆ ಮೊದಲು ದಕ್ಷಿಣಕ್ಕೆ ಹಾರುತ್ತವೆ. ಗೂಡಿನಲ್ಲಿ ಮರಿ ಇದ್ದರೂ ಒಮ್ಮೊಮ್ಮೆ ಹಾರುವ ಸೆಳೆತವೇ ಗೆದ್ದು ತಾಯಿ ಮರಿ ಬಿಟ್ಟು ಹೋಗುತ್ತದೆ. ಡಾರ್ವಿನ್ ಕೇಳುತ್ತಾನೆ: ದಕ್ಷಿಣ ಮುಟ್ಟಿ, ಹಾರುವ ಸೆಳೆತ ತಣ್ಣಗಾದ ಮೇಲೆ, ಚಳಿಯಲ್ಲಿ ಹಸಿದು ಸಾಯುವ ಮರಿಗಳ ಚಿತ್ರ ಆ ತಾಯಿಯ ಕಣ್ಣ ಮುಂದೆ ಬರುತ್ತಲೇ ಇದ್ದಿದ್ದರೆ ಅದಕ್ಕೆ ಎಂಥಾ ಸಂಕಟ ಆಗುತ್ತಿತ್ತು! ಹಕ್ಕಿಗೆ ಹಾಗೆ ಆಗುವುದಿಲ್ಲ ಅಂತ ಅವನ ಅಭಿಪ್ರಾಯ. ನಮಗೆ ಆಗುತ್ತದೆ. ಮಾಡಿದ್ದು ಮತ್ತೆ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಹಾಗೆ ಮಾಡಬಾರದಿತ್ತು ಅನಿಸುತ್ತದೆ. ಇನ್ನೊಬ್ಬರು ಬಂದು ಕೇಳುತ್ತಾರೆ, ನಾವು ಜವಾಬು ಕೊಡಬೇಕಾಗುತ್ತದೆ. ಕೊಟ್ಟ ಜವಾಬು ಸರಿಯಿಲ್ಲ ಅಂದರೆ ನಾಚಿಕೆ ಆಗುತ್ತದೆ.

ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ. ಮನುಷ್ಯ ಪ್ರಾಣಿಗಿಂತ ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ. ಮನುಷ್ಯನನ್ನು ಯಾಕೆ ಹೀಗೆ ಮಾಡಿದೆ ಅಂತ ಕೇಳಬಹುದು, ಪ್ರಾಣಿಯನ್ನು ಕೇಳಲು ಬರುವುದಿಲ್ಲ. ಹಾಗಾಗಿ ಪುಣ್ಯವೂ ಪಾಪವೂ ಎರಡೂ ಮನುಷ್ಯನ ಲೆಕ್ಕಕ್ಕೇ ಬರುತ್ತವೆ. ಇದು ಹೆಮ್ಮೆ ಪಡುವ ವಿಷಯ ಅಲ್ಲ. ಒಂದು ನಡೆದ ಸಂಗತಿ ಕೇಳಿ. 1964ರಲ್ಲಿ ಅಮೆರಿಕದಲ್ಲಿ ಜೂಲ್ಸ್ ಮಾಸರ್‌ಮನ್ ಅನ್ನುವ ವೈದ್ಯ ಮತ್ತು ಜೊತೆಗಾರರು ಕೆಂಪು ಮಂಗಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಚೈನು ಎಳೆದರೆ ಮಂಗಕ್ಕೆ ಊಟ ಸಿಗುತ್ತದೆ, ಆದರೆ ಎದುರಿನ ಇನ್ನೊಂದು ಮಂಗಕ್ಕೆ ಕರೆಂಟ್ ಹೊಡೆಯುತ್ತದೆ. ಇದು ಗೊತ್ತಾದ ಮೇಲೆ ಹೆಚ್ಚಿನ ಮಂಗಗಳು ಆ ಚೈನು ಎಳೆಯುವುದನ್ನು ಕಡಿಮೆ ಮಾಡಿದವು. ಒಂದು ಮಂಗ 5 ದಿನ, ಇನ್ನೊಂದು 12 ದಿನ ಚೈನನ್ನೇ ಮುಟ್ಟದೆ ಉಪವಾಸ ಬಿದ್ದವು. ಓದಿದವರೆಲ್ಲ ಮಂಗದ ಗುಣ ಹೊಗಳುತ್ತಾರೆ. ನನಗೆ ಕಾಣುವುದು ಆ ಕರೆಂಟಿನ ತಂತಿ ಜೋಡಿಸಿದ ಕೈ. ಅದು ಯೋಚಿಸುವ ಶಕ್ತಿ ಇದ್ದವರ ಕೈ. ಮಂಗಕ್ಕೆ ಬರೀ ಸಂಕಟ ಇತ್ತು, ಅವರಿಗೆ ಆಯ್ಕೆಯೂ ಇತ್ತು. ನಮ್ಮ ದೇಶದಲ್ಲಿ ಈಗ ಇಂಥ ಪ್ರಯೋಗ ಮಾಡಬೇಕಾದರೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಯಾಕೆ ಅಂತ ಕೇಳುವವರು ಹುಟ್ಟಿಕೊಂಡಿದ್ದರಿಂದ ಬಂದ ನಿಯಮ ಅದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನೀತಿಯೇ ಗೊತ್ತಿಲ್ಲದ ಪ್ರಾಣಿಗೆ ನಾವು ಯಾಕೆ ನ್ಯಾಯವಾಗಿ ನಡೆದುಕೊಳ್ಳಬೇಕು? ದೊಡ್ಡ ದೊಡ್ಡ ಚಿಂತಕರೇ ಇಲ್ಲಿ ಜಾರಿದ್ದಾರೆ. ಜರ್ಮನಿಯ ಕಾಂಟ್, ವಿವೇಚನೆ ಇರುವ ಜೀವಿಗಳಿಗೆ ಮಾತ್ರ ನಾವು ನೇರವಾಗಿ ಋಣಿ ಅಂದುಕೊಂಡಿದ್ದ. ನಾಯಿಗೆ ಹಿಂಸೆ ಕೊಡಬಾರದು, ಯಾಕಂದರೆ ಅಂಥವನು ನಾಳೆ ಮನುಷ್ಯರಿಗೂ ಕಠೋರನಾಗುತ್ತಾನೆ ಅಂತ ಅವನ ವಾದ. ಅರ್ಧ ಸತ್ಯ. ಹಾಗಾದರೆ ನಾಯಿಯ ನೋವಿಗೆ ಬೆಲೆಯೇ ಇಲ್ಲವೇ? ಅದೇ ಕಾಲದ ಇಂಗ್ಲೆಂಡಿನ ಬೆಂಥಮ್ 1789ರಲ್ಲಿ ಬೇರೆ ಮಾತು ಹೇಳಿದ: ಅವು ಯೋಚಿಸುತ್ತವೆಯೇ, ಮಾತಾಡುತ್ತವೆಯೇ ಅಂತ ಕೇಳಬೇಡಿ, ಅವಕ್ಕೆ ನೋವಾಗುತ್ತದೆಯೇ ಅಂತ ಕೇಳಿ. ನಾನು ಬೆಂಥಮ್ ಕಡೆಯವನು.

ಮಗನಿಗೆ ಇದನ್ನು ತಿಳಿಸಲು ನಮ್ಮ ದೇಶದ ಕಾನೂನನ್ನೇ ತೋರಿಸಿ. ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಂ ಪ್ರಕಾರ 7 ವರ್ಷದೊಳಗಿನ ಮಗು ಏನು ಮಾಡಿದರೂ ಅದು ಅಪರಾಧ ಅಲ್ಲ. 7ರಿಂದ 12ರೊಳಗಿನ ಮಗುವಿಗೂ, ತಾನು ಮಾಡುತ್ತಿರುವುದು ಏನು ಅಂತ ತಿಳಿಯುವಷ್ಟು ಬುದ್ಧಿ ಬಂದಿಲ್ಲ ಅಂದರೆ, ಮುಂದಿನ ಕಲಂ ವಿನಾಯಿತಿ ಕೊಡುತ್ತದೆ. ಮೂರು ವರ್ಷದ ಮಗು ಬೆಂಕಿಕಡ್ಡಿ ಗೀರಿ ಬಣವೆ ಸುಟ್ಟರೆ ನಾವು ಮಗುವನ್ನು ಜೈಲಿಗೆ ಹಾಕುವುದಿಲ್ಲ. ಆದರೆ ಅದಕ್ಕೆ ನೀತಿ ಗೊತ್ತಿಲ್ಲ, ಹಾಗಾಗಿ ಅದನ್ನು ಹೊಡೆದರೂ ನಡೆಯುತ್ತದೆ ಅಂತ ಯಾರಾದರೂ ಅಂತಾರೆಯೇ? ಹೊಣೆ ಹೊರಲು ಬಾರದ ಜೀವ ಅಂದರೆ ಅದರ ಹೊಣೆ ನಮ್ಮ ಮೇಲೆ ಇನ್ನೂ ಜಾಸ್ತಿ. ಯಾರನ್ನು ತಪ್ಪಿಗೆ ಹಿಡಿಯಬಹುದು ಅನ್ನುವುದು ಒಂದು ಪ್ರಶ್ನೆ. ಯಾರನ್ನು ನೋಯಿಸಬಾರದು ಅನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಕೂಡಿಸಿಬಿಟ್ಟರೆ ಎಲ್ಲ ಗೊಂದಲ ಆಗುತ್ತದೆ. ನಾಯಿ ಮಗುವೇ ಅಂತ ನಾನು ಹೇಳುತ್ತಿಲ್ಲ. ಮಗು ನಾಳೆ ದೊಡ್ಡದಾಗಿ ನಮ್ಮ ಜೊತೆ ವಾದ ಮಾಡುತ್ತದೆ, ನಾಯಿ ಮಾಡುವುದಿಲ್ಲ. ಆದರೆ ಬಡಿಗೆ ಏಟಿನ ನೋವಿಗೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಭಾಗದ ರೈತರಿಗೆ ಈ ಹೊಣೆ ಹೊಸದಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಹೋಳಿಗೆ ತಿನ್ನಿಸುತ್ತಾರೆ. ಅದನ್ನು ನೋಡುವುದು ಚಂದ. ಆದರೆ ಎತ್ತಿನ ಮೇಲಿನ ಪ್ರೀತಿ ಗೊತ್ತಾಗಬೇಕಾದರೆ ಮೇ ತಿಂಗಳ ಮಧ್ಯಾಹ್ನ ನೋಡಬೇಕು. ಕೇಂದ್ರ ಸರ್ಕಾರದ 1965ರ ಒಂದು ನಿಯಮ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಎತ್ತು, ಕೋಣ, ಕುದುರೆ, ಕತ್ತೆಗಳನ್ನು ಗಾಡಿಗೋ ಹೊರೆಗೋ ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ದುಡಿಸಬಾರದು. ಬಿಡುವಿಲ್ಲದೆ 5 ಗಂಟೆಗಿಂತ ಜಾಸ್ತಿ ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ಕಲಬುರಗಿ, ಯಾದಗಿರಿಯಲ್ಲಿ ಬೇಸಿಗೆಯಲ್ಲಿ 40 ದಾಟುವುದು ಮಾಮೂಲು. ಅಂದರೆ ಇಲ್ಲಿ ಹೆಚ್ಚುಕಡಿಮೆ ಇಡೀ ಬೇಸಿಗೆಗೆ ಈ ನಿಯಮ ಅನ್ವಯಿಸುತ್ತದೆ. ತಿಳಿದ ರೈತ ನಿಯಮ ಓದಿಲ್ಲದಿದ್ದರೂ ನಸುಕಿನಲ್ಲೇ ಹೂಡಿ ಬಿಸಿಲೇರುವ ಮೊದಲೇ ಎತ್ತು ಬಿಡುತ್ತಾನೆ. ಇಟ್ಟಂಗಿ, ಉಸುಕು ಹೇರಿಕೊಂಡು ಡಾಂಬರು ರಸ್ತೆಯಲ್ಲಿ ನೊರೆ ಸುರಿಸುತ್ತ ಹೋಗುವ ಎತ್ತುಗಳನ್ನೂ ನೀವು ನೋಡಿರುತ್ತೀರಿ. ಎತ್ತು ಇಷ್ಟು ಸಾಕು ಅಂತ ಹೇಳಲಾರದು. ಹೇಳಬೇಕಾದವನು ಹಗ್ಗ ಹಿಡಿದವನು.

ನಿಮ್ಮ ಜಿಲ್ಲೆಯ ಮೈಲಾಪುರದ ಮಾತು ಎತ್ತದೆ ಹೋದರೆ ಉತ್ತರ ಪೂರ್ತಿ ಆಗುವುದಿಲ್ಲ. ಸಂಕ್ರಾಂತಿಯ ಮಲ್ಲಯ್ಯನ ಜಾತ್ರೆಯಲ್ಲಿ ಹರಕೆ ಅಂತ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿ ಎಸೆಯುವ ಪದ್ಧತಿ ನಡೆದುಕೊಂಡು ಬಂದಿದೆ. ಜಿಲ್ಲಾಡಳಿತ ಅದನ್ನು ನಿಷೇಧಿಸಿದೆ. ಜಾತ್ರೆಗೆ ಬರುವ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ ಭಕ್ತರು ತಂದ ಮರಿಗಳನ್ನು ಅಲ್ಲೇ ತೆಗೆದುಕೊಳ್ಳುತ್ತಾರೆ. ನನಗೆ ಮಲ್ಲಯ್ಯನ ಭಕ್ತರ ಮೇಲೆ ಗೌರವ ಇದೆ. ಕುರಿ ಕಾಯ್ದು ಬದುಕುವ ಮನೆತನಗಳು ತಮ್ಮಲ್ಲಿರುವ ಬೆಲೆಬಾಳುವ ವಸ್ತುವನ್ನೇ ದೇವರಿಗೆ ಕೊಡುತ್ತಾರೆ, ಆ ಭಾವನೆ ದೊಡ್ಡದು. ಆದರೆ ಹರಕೆ ಹೊತ್ತವನು ಮನುಷ್ಯ, ಬಿದ್ದು ಕಾಲು ಮುರಿದುಕೊಳ್ಳುವುದು ಮರಿ. ಇದು ಸರಿಯೇ ಅಂತ ಆ ಭಾಗದ ಜನರೇ ವಾದ ಮಾಡಿದ್ದಾರೆ. ಅಜ್ಜನ ಕಾಲದಿಂದ ಬಂದಿದೆ ಅನ್ನುವವರಿದ್ದಾರೆ, ಅಜ್ಜ ಮಾಡಿದ್ದೆಲ್ಲ ನಾವು ಮಾಡಬೇಕೇ ಅನ್ನುವವರೂ ಇದ್ದಾರೆ. ಧಾರವಾಡದ ಮುಸಿಯಗಳು ಎಷ್ಟು ತಲೆಮಾರು ಕಳೆದರೂ ಇಂಥ ಒಂದು ವಾದ ಮಾಡಲಾರವು. ನಾನು ಹೇಳಿದ ಗೆರೆಯನ್ನು ಮಗನಿಗೆ ತೋರಿಸಬೇಕಾದರೆ ಈ ವಾದವನ್ನು ತೋರಿಸಿ.

ನಿಮ್ಮ ಓಣಿಯ ವಿಷಯಕ್ಕೆ ಬರುತ್ತೇನೆ. ಆಡಿನ ಮರಿಯ ದುಡ್ಡು ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕೊಟ್ಟಿಲ್ಲದಿದ್ದರೆ ಕೊಟ್ಟುಬಿಡಿ. ನಾಯಿ ಸತ್ತಿತಲ್ಲ, ಲೆಕ್ಕ ಚುಕ್ತಾ ಆಯಿತು ಅಂತ ಅಂದುಕೊಳ್ಳಬೇಡಿ. ನಾಯಿಯ ಸಾವಿನಿಂದ ಆ ಮನೆಯವರಿಗೆ ಒಂದು ರೂಪಾಯಿಯೂ ಬರಲಿಲ್ಲ. ನಾಯಿ ನಿಮ್ಮದು, ಅದನ್ನು ಬಿಟ್ಟಿದ್ದು ನೀವು, ಜವಾಬು ಕೊಡಬೇಕಾದವರೂ ನೀವು. ಆದರೆ ಓಣಿಯವರೂ ಜವಾಬು ಕೊಡಬೇಕು. ಪ್ರಾಣಿಯನ್ನು ಕೊಲ್ಲುವ, ವಿಷ ಹಾಕುವ, ಅಂಗ ಊನ ಮಾಡುವ ಕೃತ್ಯಕ್ಕೆ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಇದೆ. ಅದರಲ್ಲಿ ಮೊದಲ ಸಲದ ತಪ್ಪಿಗೆ 10ರಿಂದ 50 ರೂಪಾಯಿ ದಂಡ ಅಂತಲೇ ಇದೆ. ಚಹಾ-ಭಜಿಗೂ ಸಾಲದ ಈ ದಂಡ ನಮಗೆಲ್ಲ ನಾಚಿಕೆ ತರಬೇಕು. ಪೊಲೀಸ್ ಸ್ಟೇಷನ್‌ಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ದಿನಾ ಮುಖ ನೋಡಬೇಕಾದ ಜನ, ಅದು ನಿಮ್ಮ ತೀರ್ಮಾನ. ಆದರೆ ಹಿರಿಯರು ಕಟ್ಟೆಗೆ ಸೇರಿದಾಗ ಹೊಡೆದಿದ್ದು ತಪ್ಪು ಅಂತ ಒಬ್ಬರಾದರೂ ಬಾಯಿಬಿಟ್ಟು ಹೇಳಲಿ. ಅದನ್ನು ನಿಮ್ಮ ಮಗ ಕೇಳಿಸಿಕೊಳ್ಳಲಿ.

ಒಂದು ಅನುಮಾನ ಉಳಿಯಬಾರದು. ಅಪಾಯದ ಪ್ರಾಣಿಯನ್ನು ತಡೆಯಲೇಬಾರದು ಅಂತ ಇದರ ಅರ್ಥ ಅಲ್ಲ. ನಾಯಿಯನ್ನು ಕಟ್ಟಬಹುದು, ರಾತ್ರಿ ಒಳಗೆ ಕೂಡಬಹುದು. ಹುಚ್ಚು ಹಿಡಿದಿದೆ ಅನ್ನುವ ಅನುಮಾನ ಇದ್ದರೆ ದೂರ ಇದ್ದು ಪಶುವೈದ್ಯರನ್ನು ಕರೆಯಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಜೀವ ಉಳಿಸಿಕೊಳ್ಳಲು ತಡೆಯುವುದು ಬೇರೆ, ಸಿಟ್ಟು ತೀರಿಸಿಕೊಳ್ಳಲು ಕೊಲ್ಲುವುದು ಬೇರೆ.

ಕೊನೆಗೆ ಮಗನ ಮಟನ್ ವಿಷಯ. ಹುಲಿ, ನಾಯಿ, ನಾವು, ಮೂವರನ್ನೂ ಅವನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾನೆ. ಹುಲಿಗೆ ಬೇರೆ ದಾರಿ ಇಲ್ಲ. ಬೆಕ್ಕಿನ ಜಾತಿಯ ಪ್ರಾಣಿಗಳ ದೇಹಕ್ಕೆ ಬೇಕಾದ ಕೆಲವು ಸತ್ವಗಳು ಮಾಂಸದಿಂದಲೇ ಸಿಗಬೇಕು, ಬರೀ ಹುಲ್ಲು ತಿಂದು ಹುಲಿ ಬದುಕಲಾರದು. ಅದಕ್ಕೆ ಇನ್ನೊಂದು ದಾರಿ ಯೋಚಿಸುವ ಶಕ್ತಿಯೂ ಇಲ್ಲ. ಹಾಗಾಗಿ ಹುಲಿಗೆ ಈ ಪ್ರಶ್ನೆಯೇ ಇಲ್ಲ. ನಮಗೆ ಇದೆ, ನಮ್ಮಲ್ಲಿ ತೊಗರಿ ಬೇಳೆಯೂ ಇದೆ, ಯೋಚನೆಯೂ ಇದೆ. ಆದ್ದರಿಂದ ಹುಲಿ ತಿನ್ನುತ್ತದಲ್ಲ ಅನ್ನುವ ನೆಪ ನಮಗೆ ನಡೆಯುವುದಿಲ್ಲ. ಅಷ್ಟರಿಂದಲೇ ಮಾಂಸ ತಿನ್ನುವುದು ತಪ್ಪು ಅಂತಲೂ ಆಗುವುದಿಲ್ಲ. ಬೆಂಥಮ್ ಕೂಡ ಹಿಂಸೆಯನ್ನು ವಿರೋಧಿಸಿದ, ಊಟಕ್ಕಾಗಿ ಕೊಲ್ಲುವುದನ್ನು ಪೂರ್ತಿ ತಳ್ಳಿಹಾಕಲಿಲ್ಲ. ಆಮೇಲೆ ಬಂದ ಆಸ್ಟ್ರೇಲಿಯಾದ ಚಿಂತಕ ಪೀಟರ್ ಸಿಂಗರ್ ಅಂಥವರು 1975ರಿಂದ ಈಚೆಗೆ ಇನ್ನೂ ಮುಂದೆ ಹೋಗಿ ಮಾಂಸ ಬಿಡಬೇಕು ಅಂತ ವಾದಿಸಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಆ ಕುರಿ ಬದುಕಿದ್ದಾಗ ಹೇಗಿತ್ತು ಅನ್ನುವುದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಬಯಲಲ್ಲಿ ಮೇಯ್ದು, ಕುರಿಗಾರನ ಹೆಗಲ ಮೇಲೆ ಕೂತು ಹಳ್ಳ ದಾಟಿ ಬೆಳೆದ ಕುರಿಯ ಬದುಕು ಬೇರೆ. ರೆಕ್ಕೆ ಬಿಚ್ಚಲು ಜಾಗ ಇಲ್ಲದ ಪಂಜರದಲ್ಲಿ ಮೊಟ್ಟೆ ಇಡುತ್ತ ಮುಗಿಯುವ ಕೋಳಿಯ ಬದುಕು ಬೇರೆ. ಮೊಟ್ಟೆ, ಹಾಲು ಮಾತ್ರ ತಿನ್ನುವ ಮನೆಗಳೂ ಈ ಲೆಕ್ಕದಿಂದ ಹೊರಗಿಲ್ಲ. ಹಾಲು ಕೊಡುವ ಎಮ್ಮೆಯ ಕೋಣಗರು ಏನಾಗುತ್ತದೆ ಅಂತ ಕೇಳಿ ನೋಡಿ, ಯಾರೂ ನೇರ ಉತ್ತರ ಕೊಡುವುದಿಲ್ಲ.

ಮಗ ಮಟನ್ ಬಿಡುತ್ತೇನೆ ಅಂದರೆ ಬಲವಂತ ಮಾಡಬೇಡಿ. ಬೇಳೆ, ಕಾಳು, ಶೇಂಗಾ, ಮೊಟ್ಟೆ ಚೆನ್ನಾಗಿ ಹಾಕಿ, ಬೆಳೆಯುವ ವಯಸ್ಸು. ನಾಳೆ ಮತ್ತೆ ತಿನ್ನುತ್ತೇನೆ ಅಂದರೆ ಆಗಲೂ ಹಂಗಿಸಬೇಡಿ. ಆದರೆ ಒಂದು ವಿಷಯದಲ್ಲಿ ಬಿಗಿಯಾಗಿರಿ. ತಾನು ತಿನ್ನುವುದಿಲ್ಲ ಅಂತ ತಿನ್ನುವವರನ್ನು ಕೀಳಾಗಿ ನೋಡಲು ಬಿಡಬೇಡಿ. ತಟ್ಟೆ ನೋಡಿ ಮನುಷ್ಯರನ್ನು ಮೇಲೆ ಕೆಳಗೆ ಕೂರಿಸುವ ರೋಗ ನಮ್ಮಲ್ಲಿ ಮೊದಲೇ ಬೇಕಾದಷ್ಟಿದೆ. ಉರುಸಿಗೆ ಕುರಿ ಕಡಿಯುವ ಗೆಳೆಯನ ಮನೆಗೂ ಅವನು ಹೋಗಲಿ, ಜೊತೆಗೆ ಕೂತು ರೊಟ್ಟಿ ಪಲ್ಯ ಉಣ್ಣಲಿ, ಅವನ ಪ್ರಶ್ನೆಯನ್ನು ಅಲ್ಲಿಯೂ ಕೇಳಲಿ.